‘ಬಿಕಾಸ್’ನ ಅರ್ಥಗಳು ಮೂರೇ? ಒಂದು ವಿಂಗಡಣೆ ಮತ್ತು ಅದರ ಬಳಕೆಯ ಮರುಪರಿಶೀಲನೆ

ಇಂಗ್ಲಿಷಿನ ‘ಬಿಕಾಸ್’ ಕುರಿತು ಬರೆಯುವವರು ಈವ್ ಸ್ವೀಟ್ಸರ್ ಅವರ ‘ಫ್ರಮ್ ಎಟಿಮಾಲಜಿ ಟು ಪ್ರಾಗ್ಮ್ಯಾಟಿಕ್ಸ್’ (1990) ಕೃತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಈ ಪದ ಮೂರು ನೆಲೆಗಳಲ್ಲಿ ಕೆಲಸ ಮಾಡುತ್ತದೆ ಎಂಬುದು ಅಲ್ಲಿನ ಪ್ರತಿಪಾದನೆ. ನಮ್ಮದೇ ಉದಾಹರಣೆಗಳಲ್ಲಿ ಹೇಳುವುದಾದರೆ, ‘ದ ಮ್ಯಾಚ್ ವಾಸ್ ಕ್ಯಾನ್ಸಲ್ಡ್ ಬಿಕಾಸ್ ಇಟ್ ರೇನ್ಡ್’ ಎಂಬಲ್ಲಿ ಮಳೆ ಪಂದ್ಯ ರದ್ದಾದುದಕ್ಕೆ ಕಾರಣ. ‘ದೇ ಆರ್ ಅಟ್ ಹೋಮ್, ಬಿಕಾಸ್ ದ ಲೈಟ್ಸ್ ಆರ್ ಆನ್’ ಎಂಬಲ್ಲಿ ದೀಪ ಉರಿಯುತ್ತಿರುವುದು ಅವರು ಮನೆಯಲ್ಲಿರುವುದಕ್ಕೆ ಕಾರಣವಲ್ಲ, ನಾವು ಹಾಗೆ ತೀರ್ಮಾನಿಸುವುದಕ್ಕೆ ಆಧಾರ. ‘ಆರ್ ಯು ಫ್ರೀ ದಿಸ್ ಈವನಿಂಗ್, ಬಿಕಾಸ್ ದೇರ್ಸ್ ಅ ಪ್ಲೇ ಇನ್ ಟೌನ್’ ಎಂಬಲ್ಲಿ ನಾಟಕವು ಪ್ರಶ್ನೆ ಕೇಳಿದ್ದಕ್ಕೇ ಕಾರಣ. ಕ್ರಮವಾಗಿ ಇವನ್ನು ವಸ್ತುಸ್ಥಿತಿ, ತೀರ್ಮಾನ ಮತ್ತು ವಾಗ್ವ್ಯಾಪಾರದ ನೆಲೆಗಳೆಂದು ಕರೆಯೋಣ.

ಸ್ವೀಟ್ಸರ್ ಹೇಳಿದ್ದಕ್ಕಿಂತ ಅವರ ಹೆಸರಿನಲ್ಲಿ ಹೇಳಲಾಗುತ್ತಿರುವುದು ಬೇರೆ ಎಂಬುದು ನಮ್ಮ ಮೊದಲ ಆಕ್ಷೇಪ. ‘ಬಿಕಾಸ್’ಗೆ ಕೋಶದಲ್ಲಿ ಮೂರು ಅರ್ಥಗಳಿವೆ ಎಂದು ಅವರು ವಾದಿಸಿರಲಿಲ್ಲ. ಅರ್ಥ ಒಂದೇ, ಅದನ್ನು ಯಾವ ನೆಲೆಯಲ್ಲಿ ಗ್ರಹಿಸಬೇಕೆಂಬುದು ಸಂದರ್ಭದಿಂದ ನಿರ್ಧಾರವಾಗುತ್ತದೆ ಎಂಬುದು ಅವರ ನಿಲುವು. ಮುಂದಿನ ಕೆಲಸಗಳಲ್ಲಿ, ಮುಖ್ಯವಾಗಿ ಕಾರ್ಪಸ್ ಟಿಪ್ಪಣೀಕರಣದಲ್ಲಿ, ನೆಲೆಗಳು ಅರ್ಥಗಳಾದವು, ಅರ್ಥಗಳು ಚೀಟಿಗಳಾದವು. 2008ರ ಪೆನ್ ಡಿಸ್ಕೋರ್ಸ್ ಟ್ರೀಬ್ಯಾಂಕ್‌ನ ಎರಡನೆಯ ಆವೃತ್ತಿಯಲ್ಲಿ ಸಾಮಾನ್ಯ ಕಾರಣದ ಪಕ್ಕದಲ್ಲಿ ‘ಪ್ರಾಗ್ಮ್ಯಾಟಿಕ್ ಕಾಸ್’ ಎಂಬ ಪ್ರತ್ಯೇಕ ವರ್ಗವಿದೆ. ಮೂರನೆಯ ಆವೃತ್ತಿಯಲ್ಲಿ ನಂಬಿಕೆ ಮತ್ತು ವಾಗ್ವ್ಯಾಪಾರಗಳನ್ನು ಬೇರ್ಪಡಿಸಲಾಗಿದೆ. ಪ್ರತಿ ಸಂಯೋಜಕದ ಮುಂದೆ ಒಂದು ಚೀಟಿ ಅಂಟಿಸುವ ಈ ಪದ್ಧತಿ ಈಗ ಸಂಶೋಧನಾ ವಿದ್ಯಾರ್ಥಿಗಳ ನಿತ್ಯದ ಕೆಲಸವಾಗಿದೆ. ಇಬ್ಬರು ಟಿಪ್ಪಣಿಕಾರರು ಒಂದೇ ವಾಕ್ಯಕ್ಕೆ ಬೇರೆ ಬೇರೆ ಚೀಟಿ ಹಚ್ಚಿದರೆ ಅದನ್ನು ಅವರ ಅಜಾಗರೂಕತೆ ಎಂದು ಲೆಕ್ಕ ಹಾಕುವುದು ರೂಢಿ. ದೋಷ ಚೀಟಿಯಲ್ಲೇ ಇರಬಹುದೆಂಬ ಸಂಶಯ ಅಪರೂಪ.

‘ಶಿ ಮಸ್ಟ್ ಬಿ ಇಲ್, ಬಿಕಾಸ್ ಶಿ ಹ್ಯಾಸಂಟ್ ಈಟನ್ ಸಿನ್ಸ್ ಯೆಸ್ಟರ್ಡೇ’ ಎಂಬ ತೀರ ಸಾಮಾನ್ಯವಾದ ವಾಕ್ಯವನ್ನು ತೆಗೆದುಕೊಳ್ಳೋಣ. ಉಪವಾಸದಿಂದ ಕಾಯಿಲೆ ಬಂದಿರಬೇಕು ಎಂದು ಹೇಳುತ್ತಿದ್ದೇವೆಯೇ, ಊಟ ಬಿಟ್ಟಿರುವುದನ್ನು ಕಾಯಿಲೆಯ ಲಕ್ಷಣವಾಗಿ ಕಾಣುತ್ತಿದ್ದೇವೆಯೇ? ಎರಡೂ ಸಾಧ್ಯ. ಮೊದಲನೆಯ ಓದಿನಲ್ಲೂ ‘ಮಸ್ಟ್’ ಇರುವುದರಿಂದ ಅದು ತೀರ್ಮಾನವೇ, ಆದರೆ ಲೋಕದ ಕಾರಣವನ್ನೇ ಆಧಾರ ಮಾಡಿಕೊಂಡ ತೀರ್ಮಾನ. ಅಂದರೆ ನೆಲೆಗಳು ಪರಸ್ಪರ ಹೊರತಾದ ಪೆಟ್ಟಿಗೆಗಳಲ್ಲ. ಆಡುವವರಿಗೆ ಇದರಿಂದ ಯಾವ ತೊಡಕೂ ಇಲ್ಲ. ಒಂದೇ ಚೀಟಿ ಆರಿಸಲೇಬೇಕಾದವರಿಗೆ ಮಾತ್ರ ತೊಡಕು.

ಹಾಗಾದರೆ ದೀಪದ ವಾಕ್ಯದಲ್ಲಿ ತೀರ್ಮಾನದ ಓದು ಎಲ್ಲಿಂದ ಬರುತ್ತದೆ? ಉಪವಾಕ್ಯವನ್ನು ಮುಂದಕ್ಕೆ ತಂದರೆ ಉತ್ತರದ ಒಂದು ಭಾಗ ಸಿಗುತ್ತದೆ. ‘ಬಿಕಾಸ್ ದ ಲೈಟ್ಸ್ ಆರ್ ಆನ್, ದೇ ಆರ್ ಅಟ್ ಹೋಮ್’ ಎಂದರೆ ಕೇಳುಗರು ತಡವರಿಸುತ್ತಾರೆ. ದೀಪ ಹಚ್ಚಿದ್ದಕ್ಕಾಗಿ ಅವರು ಮನೆಯಲ್ಲಿ ಉಳಿದಂತೆ ಅದು ಕೇಳಿಸುತ್ತದೆ. ಅದಕ್ಕೇ ‘ಮಸ್ಟ್ ಬಿ’ ಸೇರಿಸಿದರೆ ತೊಡಕು ಬಹುಮಟ್ಟಿಗೆ ಕರಗುತ್ತದೆ. ಸಂಯೋಜಕ ಬದಲಾಗಲಿಲ್ಲ, ಬದಲಾದುದು ಉಪವಾಕ್ಯದ ಸ್ಥಾನ ಮತ್ತು ಪ್ರಧಾನ ವಾಕ್ಯದ ಕ್ರಿಯಾರೂಪ. ನಿಷೇಧದಲ್ಲೂ ಹೀಗೆಯೇ. ‘ಹಿ ಡಿಡಂಟ್ ಲೀವ್ ಬಿಕಾಸ್ ಹಿ ವಾಸ್ ಆಂಗ್ರಿ’ ಎಂಬುದಕ್ಕೆ, ಕೋಪದಿಂದಾಗಿ ಹೋಗಲಿಲ್ಲ ಎಂದೂ ಹೋದದ್ದು ಕೋಪದಿಂದಲ್ಲ ಎಂದೂ ಎರಡು ಓದುಗಳಿವೆ. ‘ಬಿಕಾಸ್’ಗೆ ಮೊದಲು ಅಲ್ಪವಿರಾಮ ಹಾಕಿದೊಡನೆ, ಇಲ್ಲವೇ ದನಿ ಇಳಿಸಿ ನಿಂತೊಡನೆ, ಎರಡನೆಯದು ಮರೆಯಾಗುತ್ತದೆ. ಉಪವಾಕ್ಯ ಪ್ರಧಾನ ವಾಕ್ಯದೊಳಗೆ ಎಷ್ಟು ಬೆಸೆದುಕೊಂಡಿದೆ ಎಂಬುದೇ ಇಲ್ಲಿನ ನಿರ್ಣಾಯಕ ಸಂಗತಿ. ತೀರ್ಮಾನ ಮತ್ತು ವಾಗ್ವ್ಯಾಪಾರದ ಓದುಗಳು ಸಡಿಲ ಬೆಸುಗೆಯನ್ನು ಬೇಡುತ್ತವೆ ಎನ್ನುವುದಷ್ಟೇ ಈ ಸಾಕ್ಷ್ಯಗಳಿಂದ ಸಿದ್ಧವಾಗುತ್ತದೆ.

ಆಡುಮಾತಿನ ಅಧ್ಯಯನಗಳು ಇದನ್ನು ಎಂದೋ ಸೂಚಿಸಿದ್ದವು. ಅಮೆರಿಕನ್ ಇಂಗ್ಲಿಷಿನ ಸಂಭಾಷಣೆಗಳನ್ನು ಪರಿಶೀಲಿಸಿದ ಸಿಸಿಲಿಯಾ ಫೋರ್ಡ್ (1993), ‘ಬಿಕಾಸ್’ ಉಪವಾಕ್ಯ ಪ್ರಧಾನ ವಾಕ್ಯದ ನಂತರವೇ ಬರುವುದನ್ನು, ಅದೂ ಅನೇಕ ವೇಳೆ ಮಾತು ಮುಗಿದ ದನಿಯ ಬಳಿಕ ಮತ್ತೆ ಸೇರ್ಪಡೆಯಾಗುವುದನ್ನು ತೋರಿಸಿದ್ದಾರೆ. ಕೇಳುಗರಿಂದ ನಿರೀಕ್ಷಿತ ಪ್ರತಿಕ್ರಿಯೆ ಬಾರದಾಗ ಆಡಿದ ಮಾತಿಗೆ ಒತ್ತಾಸೆಯಾಗಿ ಕಾರಣವನ್ನು ಜೋಡಿಸುವುದು ಅಲ್ಲಿನ ಒಂದು ಮುಖ್ಯ ಕೆಲಸ. ಪೆನ್ ಟ್ರೀಬ್ಯಾಂಕಿನ ಪಠ್ಯಗಳಾದರೋ ‘ವಾಲ್ ಸ್ಟ್ರೀಟ್ ಜರ್ನಲ್’ನ ಬರಹಗಳು. ಅಲ್ಲಿ ದನಿಯಿಲ್ಲ, ಎದುರಿಗೆ ಕೇಳುಗರಿಲ್ಲ. ಸಂಪಾದಕರು ಉಳಿಸಿದ ಅಲ್ಪವಿರಾಮಗಳಿವೆ. ಅಂಥ ಸಾಮಗ್ರಿಯಿಂದ ಪಡೆದ ವರ್ಗಗಳನ್ನು ಸಂಭಾಷಣೆಗೆ ಹಾಗೆಯೇ ಹೊರಿಸುವುದನ್ನು ನಾವು ಒಪ್ಪಲಾರೆವು.

ಕನ್ನಡದ ಸಾಕ್ಷ್ಯ ಇಲ್ಲಿ ಉಪಯುಕ್ತ, ಏಕೆಂದರೆ ಇಂಗ್ಲಿಷು ಒಂದು ಪದಕ್ಕೆ ವಹಿಸಿದ ಕೆಲಸವನ್ನು ಕನ್ನಡ ರಚನೆಯಲ್ಲೇ ಹಂಚಿಕೊಂಡಿದೆ. ‘ಮಳೆ ಬಂದದ್ದರಿಂದ ಪಂದ್ಯ ರದ್ದಾಯಿತು’ ಎಂಬಲ್ಲಿನ ‘-ದ್ದರಿಂದ’ ರೂಪ ಬೆಸೆದ ಉಪವಾಕ್ಯ. ಅದನ್ನು ಕೇಂದ್ರಕ್ಕೆ ತಂದು ‘ರದ್ದಾದದ್ದು ಮಳೆ ಬಂದದ್ದರಿಂದಲ್ಲ’ ಎಂದು ನಿಷೇಧಿಸಬಹುದು. ‘ಏಕೆಂದರೆ’ ಹಾಗಲ್ಲ. ‘ಏಕೆ ಎಂದರೆ’ ಎಂಬುದರ ಕೂಡಿದ ರೂಪವಾದ ಅದು ಮುಗಿದ ವಾಕ್ಯದ ಮೇಲೆ ಹೊಸ ವಾಕ್ಯವನ್ನು ಕಟ್ಟುತ್ತದೆ, ನಿಷೇಧದ ವ್ಯಾಪ್ತಿಯೊಳಗೆ ಸಿಲುಕುವುದಿಲ್ಲ. ಇಲ್ಲಿಗೆ ‘-ದ್ದರಿಂದ’ ವಸ್ತುಸ್ಥಿತಿಗೆ, ‘ಏಕೆಂದರೆ’ ತೀರ್ಮಾನಕ್ಕೆ ಎಂದು ಹಂಚಿಬಿಡುವ ಆಸೆಯಾಗುತ್ತದೆ. ಆದರೆ ಭಾಷೆ ಅದಕ್ಕೆ ಎಡೆಗೊಡುವುದಿಲ್ಲ. ‘ದೀಪ ಉರಿಯುತ್ತಿರುವುದರಿಂದ ಅವರು ಮನೆಯಲ್ಲಿದ್ದಾರೆ’ ಎಂಬುದು ವಿಚಿತ್ರವಾದರೂ ‘ದೀಪ ಉರಿಯುತ್ತಿರುವುದರಿಂದ ಅವರು ಮನೆಯಲ್ಲಿರಬೇಕು’ ಎಂಬುದು ಯಾರಿಗೂ ವಿಚಿತ್ರವಲ್ಲ. ಇಂಗ್ಲಿಷಿನ ‘ಮಸ್ಟ್’ ಮಾಡಿದ ಕೆಲಸವನ್ನೇ ‘ಬೇಕು’ ಮಾಡಿದೆ. ಎರಡು ಭಿನ್ನ ಕುಲದ ಭಾಷೆಗಳಲ್ಲಿ ಒಂದೇ ಬಗೆಯ ತೊಡಕು ಒಂದೇ ಬಗೆಯ ಉಪಾಯದಿಂದ ನಿವಾರಣೆಯಾಗುವುದು, ತೀರ್ಮಾನದ ಅಂಶ ಸಂಯೋಜಕದ ಸ್ವತ್ತಲ್ಲ ಎಂಬ ನಮ್ಮ ವಾದಕ್ಕೆ ದೊರೆತ ಬಲವಾದ ಬೆಂಬಲ.

ಮೂರನೆಯ ನೆಲೆಯ ವಿಷಯದಲ್ಲಿ ಮಾತ್ರ ಸ್ವೀಟ್ಸರ್ ಅವರ ಒಳನೋಟವನ್ನು ಕನ್ನಡ ಎತ್ತಿಹಿಡಿಯುತ್ತದೆ. ‘ಸಂಜೆ ಬಿಡುವಿದೆಯಾ, ಏಕೆಂದರೆ ನಾಟಕ ಇದೆ’ ಎಂದು ನಾವು ಸಾಧಾರಣವಾಗಿ ಆಡುವುದಿಲ್ಲ, ‘ಸಂಜೆ ಬಿಡುವಿದೆಯಾ? ನಾಟಕ ಇದೆ, ಅದಕ್ಕೆ ಕೇಳಿದೆ’ ಎನ್ನುತ್ತೇವೆ. ಇಂಗ್ಲಿಷಿನ ಕೇಳುಗರು ಊಹಿಸಿಕೊಳ್ಳಬೇಕಾದ ವಾಗ್ವ್ಯಾಪಾರವನ್ನು ‘ಕೇಳಿದೆ’ ಎಂಬ ಕ್ರಿಯಾಪದ ಬಾಯಿಬಿಟ್ಟು ಹೇಳುತ್ತದೆ.

‘ಬಿಕಾಸ್ ಸೈನ್ಸ್’, ‘ಬಿಕಾಸ್ ಲೇಜ಼ಿ’ ಬಗೆಯ ಪ್ರಯೋಗಗಳ ಬಗ್ಗೆ ಒಂದು ಮಾತು. ಇವುಗಳಿಗಾಗಿ ಅಮೆರಿಕನ್ ಡಯಲೆಕ್ಟ್ ಸೊಸೈಟಿ ‘ಬಿಕಾಸ್’ ಅನ್ನು 2013ರ ವರ್ಷದ ಪದವಾಗಿ ಆರಿಸಿದಾಗ, ಸಂಯೋಜಕವೊಂದು ಪ್ರಿಪೊಸಿಷನ್ ಆಯಿತೆಂಬ ಸುದ್ದಿ ಹಬ್ಬಿತು. ಹಡಲ್‌ಸ್ಟನ್ ಮತ್ತು ಪುಲ್ಲಮ್ ಅವರ 2002ರ ಕೇಂಬ್ರಿಡ್ಜ್ ವ್ಯಾಕರಣದಲ್ಲಿ ಅದು ಆಗಲೇ ಪ್ರಿಪೊಸಿಷನ್. ಉಪವಾಕ್ಯವನ್ನಾಗಲಿ ‘ಆಫ್’ ಪದಪುಂಜವನ್ನಾಗಲಿ ಪೂರಕವಾಗಿ ಪಡೆಯುವಂಥದ್ದು. ಹೊಸದಾದುದು ಪೂರಕ, ಪದವರ್ಗವಲ್ಲ. ಕಾರಣವನ್ನು ಬಿಡಿಸಿ ಹೇಳದೆ ಅದರ ಹೆಸರನ್ನಷ್ಟೇ ಎಸೆದು, ಉಳಿದುದನ್ನು ಕೇಳುಗರ ತಿಳಿವಳಿಕೆಗೆ ಬಿಡುವ ಈ ರಚನೆಯಲ್ಲಿ ಮೂರು ಚೀಟಿಗಳಲ್ಲಿ ಯಾವುದನ್ನು ಹಚ್ಚುವುದು ಎಂಬುದಕ್ಕೆ ನಮಗೆ ತೃಪ್ತಿಕರ ಉತ್ತರ ಕಂಡಿಲ್ಲ.

ಟಿಪ್ಪಣೀಕರಣವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದರ ಕ್ರಮ ತಲೆಕೆಳಗಾಗಿದೆ ಎಂಬುದು ನಮ್ಮ ಅಭಿಪ್ರಾಯ. ಉಪವಾಕ್ಯದ ಸ್ಥಾನ, ಅದಕ್ಕೆ ಮುಂಚಿನ ವಿರಾಮ ಅಥವಾ ದನಿಯ ಇಳಿತ, ಪ್ರಧಾನ ವಾಕ್ಯದ ‘ಮಸ್ಟ್’ನಂಥ ಕ್ರಿಯಾರೂಪ, ವಾಕ್ಯ ಪ್ರಶ್ನೆಯೋ ಆಜ್ಞೆಯೋ ಎಂಬುದು, ನಿಷೇಧದ ವ್ಯಾಪ್ತಿ ಇವೆಲ್ಲ ಕಣ್ಣಿಗೂ ಕಿವಿಗೂ ನಿಲುಕುವಂಥವು. ಇವನ್ನು ಮೊದಲು ದಾಖಲಿಸಬೇಕು. ನೆಲೆಯ ಚೀಟಿಯನ್ನು ಕೊನೆಗೆ, ಒಂದಕ್ಕಿಂತ ಹೆಚ್ಚು ಹಚ್ಚಲು ಅವಕಾಶವಿಟ್ಟು ಸೇರಿಸಬೇಕು. ಊಟ ಬಿಟ್ಟವಳ ವಾಕ್ಯಕ್ಕೆ ಆಗ ಇಬ್ಬರು ಟಿಪ್ಪಣಿಕಾರರು ಎರಡು ಉತ್ತರ ಕೊಟ್ಟರೆ, ಅದು ತಪ್ಪುಗಳ ಪಟ್ಟಿಗೆ ಹೋಗುವ ಬದಲು ವಾಕ್ಯದ ವಿವರಣೆಯಲ್ಲೇ ಉಳಿಯುತ್ತದೆ.