ಅಡುಗೆಮನೆಯ ಚಾಕು

ಎರಡು ಮಹಾಯುದ್ಧಗಳ ನಡುವಣ ಯೂರೋಪಿನ ಕಲೆಯ ಮಾತು ಬಂದಾಗಲೆಲ್ಲ ಹತಾಶೆ, ಭಗ್ನತೆ, ಅನಾಥಪ್ರಜ್ಞೆ ಎಂಬ ಶಬ್ದಗಳನ್ನು ಕೈಗೆತ್ತಿಕೊಳ್ಳುವುದು ನಮ್ಮ ವಿಮರ್ಶಕರ ವಾಡಿಕೆ. 1922ರಲ್ಲಿ ಪ್ರಕಟವಾದ ಎಲಿಯಟ್ಟನ 'ದಿ ವೇಸ್ಟ್ ಲ್ಯಾಂಡ್' ಕಾವ್ಯದ ಬಾಗಿಲಿನಿಂದ ಆ ಕಾಲವನ್ನು ಹೊಕ್ಕವರಿಗೆ ಇದು ಸಹಜವೇ; ಕಾಲೇಜುಗಳಲ್ಲಿ ನಮ್ಮ ನವ್ಯಕಾವ್ಯದ ಹಿನ್ನೆಲೆಯನ್ನು ಹೇಳುವ ಪಾಠವೂ ಬಹುಮಟ್ಟಿಗೆ ಅಲ್ಲಿಂದಲೇ ಮೊದಲಾಗುತ್ತದೆ. ಆದರೆ ಸೋತ ಜರ್ಮನಿಯ ಕಲಾವಿದರನ್ನು ನೋಡುತ್ತ ಹೋದಂತೆ ನನಗೆ ಎದ್ದು ಕಾಣುವುದು ಹತಾಶೆಗಿಂತ ಹೆಚ್ಚಾಗಿ ಮಿತಿಮೀರಿದ ಆಸೆ. ಕುರ್ಚಿ ಬದಲಾದರೆ, ದೀಪ ಬದಲಾದರೆ, ಗೋಡೆಯ ಬಣ್ಣ ಬದಲಾದರೆ ಮನುಷ್ಯನೂ ಬದಲಾದಾನು ಎಂದು ನಂಬಿದವರು ಅವರು. ಆ ಆಸೆ ಎಷ್ಟರಮಟ್ಟಿಗೆ ಕೈಗೂಡಿತೆಂದು ಅಳೆಯಲು ಅವರ ಪ್ರಣಾಳಿಕೆಗಳನ್ನು ಓದಿದರೆ ಸಾಲದು. ಆ ಚಳವಳಿಗಳೊಳಗೆ ಹೆಂಗಸರಿಗೆ ಸಿಕ್ಕ ಜಾಗ ಯಾವುದು, ಅವರ ದಿನನಿತ್ಯದ ದುಡಿಮೆ ಏನಾಯಿತು ಎಂದು ಕೇಳಬೇಕು. ಇದನ್ನು ಕೇಳಿದವರು ಕಡಿಮೆ.

1918ರ ನವೆಂಬರಿನಲ್ಲಿ ಕೈಸರನು ಸಿಂಹಾಸನ ಬಿಟ್ಟ ಕೆಲವೇ ದಿನಗಳಲ್ಲಿ ಜರ್ಮನಿಯ ಸ್ತ್ರೀಯರಿಗೆ ಮತದಾನದ ಹಕ್ಕು ಬಂತು; 1919ರ ಜನವರಿಯಲ್ಲಿ ಅವರು ಮೊದಲ ಬಾರಿಗೆ ಮತ ಹಾಕಿದರು. ಈ ಘಟನೆಯನ್ನು ಚಿತ್ರದೊಳಕ್ಕೆ ತಂದವಳು ಬರ್ಲಿನ್ನಿನ ಡಾಡಾ ಗುಂಪಿನ ಹಾನಾ ಹ್ಯೋಖ್. ಡಾಡಾ ಎಂದರೆ ಏನೆಂದು ಅರ್ಥ ಹುಡುಕುವುದು ವ್ಯರ್ಥ. ಅಷ್ಟು ಜನರನ್ನು ಯುದ್ಧಕ್ಕೆ ಬಲಿಕೊಟ್ಟ ನಾಗರಿಕತೆಯ ಅರ್ಥವನ್ನೇ ಅಣಕಿಸಲೆಂದು 1916ರಲ್ಲಿ ಜೂರಿಕ್ ನಗರದಲ್ಲಿ ಹುಟ್ಟಿದ ಚಳವಳಿ ಅದು. ಹ್ಯೋಖ್ 1919–20ರಲ್ಲಿ ರಚಿಸಿದ ಕೃತಿಯ ಹೆಸರು ಒಂದು ಮೊಳದಷ್ಟಿದೆ. ಜರ್ಮನಿಯ ಬಿಯರುಹೊಟ್ಟೆಯ ಸಂಸ್ಕೃತಿಯನ್ನು ಅಡುಗೆಮನೆಯ ಚಾಕುವಿನಿಂದ ಕೊಯ್ದದ್ದು ಎಂಬುದು ಅದರ ತಾತ್ಪರ್ಯ. ಚಿತ್ರವನ್ನು ಕತ್ತರಿಸಿದ್ದು ಕತ್ತರಿಯಿಂದಲೇ ಇರಬೇಕು. ಹೆಸರಿನಲ್ಲಿ ಮಾತ್ರ ಅಡುಗೆಮನೆಯ ಚಾಕು ಬಂದಿದೆ. ಅದು ಬೇಕೆಂದೇ ಬಂದ ಚಾಕು.

ಒಂದು ಮೀಟರಿಗೂ ಮಿಕ್ಕ ಎತ್ತರದ ಹಾಳೆ. ಸಚಿತ್ರ ಪತ್ರಿಕೆಗಳಿಂದ ಕತ್ತರಿಸಿ ತೆಗೆದ ಮುಖಗಳು, ಗಾಲಿಗಳು, ಜನಸಂದಣಿ, ಅಕ್ಷರಗಳು ಅದರ ಮೇಲೆ ಚೆಲ್ಲಾಪಿಲ್ಲಿಯಾಗಿ ಕೂತಿವೆ. ಚೆಲ್ಲಾಪಿಲ್ಲಿ ಎಂಬುದು ಮೊದಲ ನೋಟಕ್ಕೆ ಮಾತ್ರ. ಮೇಲೆ ಬಲಕ್ಕೆ ಕೈಸರನ ಮುಖ. ಅವನ ಹೆಸರಾಂತ ಮೀಸೆಯ ಜಾಗದಲ್ಲಿ ಇಬ್ಬರು ಜಟ್ಟಿಗಳು. ಸೇನಾಧಿಪತಿ ಹಿಂಡೆನ್‌ಬರ್ಗನ ತಲೆ ಒಬ್ಬ ನರ್ತಕಿಯ ಮೈಮೇಲೆ ಕೂತಿದೆ. ನಟ್ಟನಡುವೆ ತಲೆಯಿಲ್ಲದ ಇನ್ನೊಬ್ಬ ನರ್ತಕಿ ಕುಣಿಯುತ್ತಿದ್ದಾಳೆ. ಅವಳ ಮೇಲೆ ತೇಲುತ್ತಿರುವ ತಲೆ ಹಿರಿಯ ಕಲಾವಿದೆ ಕೇಟೆ ಕೋಲ್ವಿಟ್ಸಳದು. ಕೆಳಗಿನ ಬಲಮೂಲೆಯಲ್ಲಿ, ಯಾರೂ ಮೊದಲು ನೋಡದ ಕಡೆ, ಸ್ತ್ರೀಯರಿಗೆ ಮತದ ಹಕ್ಕು ಬಂದ ಯೂರೋಪಿನ ದೇಶಗಳ ಒಂದು ಸಣ್ಣ ನಕ್ಷೆಯಿದೆ. ಅದರ ಅಂಚಿಗೆ ಹ್ಯೋಖ್ ತನ್ನದೇ ಮುಖವನ್ನು ಅಂಟಿಸಿದ್ದಾಳೆ. ಹಳೆಯ ಚಿತ್ರಕಾರರು ಸಹಿ ಹಾಕುತ್ತಿದ್ದ ಮೂಲೆ ಅದು. ಗಂಡಸರ ದೊಡ್ಡ ತಲೆಗಳು ಮೇಲೆ ಗಲಾಟೆಯೆಬ್ಬಿಸಿರುವಾಗ ನಿಜವಾದ ಸುದ್ದಿ ಮೂಲೆಯಲ್ಲಿ ಸದ್ದಿಲ್ಲದೆ ಕೂತಿದೆ. ಇದನ್ನು ಬರಿಯ ಚೇಷ್ಟೆಯೆಂದು ತಳ್ಳಿಹಾಕುವವರು ಚಿತ್ರವನ್ನು ಅರ್ಧ ಮಾತ್ರ ನೋಡಿದವರು.

1920ರಲ್ಲಿ ಬರ್ಲಿನ್ನಿನಲ್ಲಿ ಡಾಡಾ ಮೇಳ ನಡೆದಾಗ ಇವಳ ಕೃತಿಗಳನ್ನು ಸೇರಿಸುವುದಕ್ಕೆ ಗ್ರೋಸ್ ಮತ್ತು ಹಾರ್ಟ್‌ಫೀಲ್ಡ್ ಅಡ್ಡಿಮಾಡಿದರು. ಆಕೆಯ ಸಂಗಾತಿ ಹೌಸ್‌ಮನ್ ತಾನೂ ಹೊರಗುಳಿಯುವುದಾಗಿ ಹೇಳಿದ ಮೇಲೆ ಅವು ಒಳಗೆ ಬಂದವು. ಆ ಗುಂಪಿನ ಹಾನ್ಸ್ ರಿಖ್ಟರ್ 1964ರಲ್ಲಿ ಡಾಡಾದ ಇತಿಹಾಸ ಬರೆದಾಗ ಹ್ಯೋಖಳ ಕೊಡುಗೆಯನ್ನು ಸ್ಮರಿಸುತ್ತ, ದುಡ್ಡಿಲ್ಲದ ಆ ದಿನಗಳಲ್ಲೂ ಆಕೆ ಹೇಗೋ ಹೊಂದಿಸುತ್ತಿದ್ದ ತಿಂಡಿ, ಬಿಯರು, ಕಾಫಿಗಳನ್ನು ನೆನೆದಿದ್ದಾನೆ! ಮನೆಮಠ, ರಾಜ್ಯ, ಧರ್ಮ ಎಲ್ಲವನ್ನೂ ಒಡೆಯುತ್ತೇವೆಂದು ಹೊರಟವರು ಕಾಫಿ ಮಾಡುವ ಕೈಯನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದರು. ಹೊಟ್ಟೆಪಾಡಿಗೆ ಹ್ಯೋಖ್ ಮಾಡುತ್ತಿದ್ದದ್ದು ಉಲ್‌ಸ್ಟೈನ್ ಪ್ರಕಾಶನದ ಮಹಿಳಾ ಪತ್ರಿಕೆಗಳಿಗೆ ಕಸೂತಿ, ಹೆಣಿಗೆಗಳ ಮಾದರಿ ಬರೆಯುವ ಕೆಲಸ.

ಇನ್ನು ಬೌಹೌಸ್. 1919ರಲ್ಲಿ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ತೆರೆದ ಈ ಶಾಲೆಯ ಕೀರ್ತಿಯನ್ನು ನಾನು ಇಲ್ಲಿ ಮತ್ತೆ ಹಾಡಬೇಕಾಗಿಲ್ಲ. ಕಲಾವಿದನಿಗೂ ಕುಶಲಕರ್ಮಿಗೂ ಭೇದವಿಲ್ಲವೆಂದು ಸಾರಿದ್ದು ಸಣ್ಣ ಮಾತಲ್ಲ. ಸ್ತ್ರೀಪುರುಷರಲ್ಲಿಯೂ ಭೇದವಿಲ್ಲವೆಂದು ಗ್ರೋಪಿಯಸ್ಸನು ಸಾರಿದ. ಅದನ್ನು ನಂಬಿ ಮೊದಲ ವರ್ಷವೇ ಗಂಡಸರ ಸಂಖ್ಯೆಯನ್ನು ಮೀರಿ ಹೆಂಗಸರು ಬಂದಾಗ ಅವನಿಗೆ ದಿಗಿಲಾಯಿತು. 1920ರಲ್ಲಿ ಸ್ತ್ರೀಯರ ಆಯ್ಕೆಯನ್ನು ಬಿಗಿಗೊಳಿಸಬೇಕೆಂದು ಗುರುಮಂಡಲಿಯ ಮುಂದೆ ಹೇಳಿದ. ಬಂದವರಲ್ಲಿ ಬಹುಪಾಲು ಜನರನ್ನು ನೇಯ್ಗೆಯ ವಿಭಾಗಕ್ಕೆ ಕಳಿಸಿದರು. ಗಾಜಿನ ಕೆಲಸ ಬಯಸಿದ್ದ ಆನಿ ಆಲ್ಬರ್ಸ್ ಮಗ್ಗದ ಮುಂದೆ ಕೂರಬೇಕಾಯಿತು. ಹೀಗೆ ಕೂತವರು ಮಾಡಿದ್ದೇನು? ಕಾರ್ಮಿಕ ಸಂಘವೊಂದರ ಶಾಲೆಯ ಸಭಾಂಗಣಕ್ಕೆಂದು ಆಲ್ಬರ್ಸ್ ನೇಯ್ದ ಗೋಡೆಬಟ್ಟೆ ಒಂದು ಮುಖದಿಂದ ಸದ್ದನ್ನು ಹೀರುತ್ತಿತ್ತು, ಇನ್ನೊಂದು ಮುಖದಿಂದ ಬೆಳಕನ್ನು ಹಿಂದಕ್ಕೆ ಕೊಡುತ್ತಿತ್ತು. ಗುಂಟಾ ಸ್ಟೋಲ್ಟ್ಸ್ಲ್ ನಡೆಸಿದ ಈ ವಿಭಾಗದ ಬಟ್ಟೆಗಳು ಕಾರ್ಖಾನೆಗಳನ್ನು ತಲುಪಿ ಶಾಲೆಗೆ ಆದಾಯ ತಂದವು. ಮಾರ್ಸೆಲ್ ಬ್ರಾಯರನು 1925ರಲ್ಲಿ ಬೈಸಿಕಲ್ಲಿನ ಹಿಡಿಕೆಯನ್ನು ನೋಡಿ ರೂಪಿಸಿದ ಉಕ್ಕಿನ ಕೊಳವೆಯ ಕುರ್ಚಿ ಪ್ರಸಿದ್ಧವಾದಷ್ಟು ಈ ಬಟ್ಟೆಗಳು ಪ್ರಸಿದ್ಧವಾಗಲಿಲ್ಲ. ಬಡವನ ಮನೆಗೆ ಆ ಕುರ್ಚಿಯೂ ಬರಲಿಲ್ಲವೆನ್ನಿ.

ಬಡವರ ಮನೆಯೊಳಕ್ಕೆ, ಕಡೆಯಪಕ್ಷ ದುಡಿಯುವವರ ಮನೆಯೊಳಕ್ಕೆ, ನಿಜವಾಗಿ ನಡೆದುಬಂದ ಹೊಸ ಕಲೆಯೆಂದರೆ ಫ್ರಾಂಕ್‌ಫರ್ಟಿನ ಅಡುಗೆಮನೆ. ಎರ್ನ್ಸ್ಟ್ ಮಾಯ್ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ನಗರಸಭೆ ಸಾವಿರಾರು ಮನೆಗಳನ್ನು ಕಟ್ಟಿಸಿದಾಗ, ಅವುಗಳ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದವಳು ವಿಯೆನ್ನಾದ ಮಾರ್ಗರೆಟೆ ಲಿಹೋಟ್ಸ್ಕಿ. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆ ಮೀಟರಿನ ಒಳಗೆ. ರೈಲಿನ ಊಟದ ಡಬ್ಬಿಯ ಅಡುಗೆಕೋಣೆ ಅವಳಿಗೆ ಮಾದರಿ. ಒಂದೊಂದು ಕೆಲಸಕ್ಕೂ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ಲೆಕ್ಕ ಹಾಕಿದಳು. ಕಿಟಕಿಯ ಕೆಳಗೆ ಕೂತು ತರಕಾರಿ ಹೆಚ್ಚಲು ಮರದ ಹಲಗೆ ಮತ್ತು ತಿರುಗುವ ಮಣೆ, ಬೇಳೆಕಾಳು ಸಕ್ಕರೆಗಳಿಗೆ ಹೆಸರು ಬರೆದ ಅಲ್ಯುಮಿನಿಯಂ ಡಬ್ಬಗಳು, ಹುಳು ಹಿಡಿಯದಂತೆ ಹಿಟ್ಟಿಗೆ ಓಕ್ ಮರದ ಡಬ್ಬ, ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದ ಬಳಿದ ನೀಲಿಹಸಿರು ಬಣ್ಣ, ಗೋಡೆಗೆ ಮಡಿಚಿಡುವ ಇಸ್ತ್ರಿಹಲಗೆ. ಇಂಥ ಅಡುಗೆಮನೆಗಳು ಸುಮಾರು 10,000 ಕಟ್ಟಲ್ಪಟ್ಟವು.

ಹೊಗೆ ತುಂಬಿದ ಒಂದೇ ಕೋಣೆಯಲ್ಲಿ ಬೇಯಿಸಿ, ಉಂಡು, ಮಲಗುತ್ತಿದ್ದವರಿಗೆ ಇದು ಎಷ್ಟು ದೊಡ್ಡದೆಂದು ಊಹಿಸಬಹುದು. ಹೆಂಗಸಿನ ಬೆನ್ನುನೋವನ್ನು ಕಲೆಯ ವಿಷಯವಾಗಿ ಎಣಿಸಿದ ಕೃತಿ ಇದು. ಯಾವ ಪ್ರಣಾಳಿಕೆಗಿಂತಲೂ ನಾನು ಇದನ್ನು ಮೇಲೆನ್ನುತ್ತೇನೆ. ಆದರೂ ಒಂದು ಮಾತು. ಆ ಕೋಣೆಯಲ್ಲಿ ಒಬ್ಬರೇ ನಿಲ್ಲಬಹುದು. ಒಬ್ಬರೇ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕೋಣೆಯಲ್ಲಿ ಒಲೆಯ ಸುತ್ತ ಮಕ್ಕಳಿದ್ದರು, ಮುದುಕರಿದ್ದರು, ಕೈಗೆ ಸಿಕ್ಕವರು ಒಂದು ಕೆಲಸಕ್ಕೆ ಒದಗುತ್ತಿದ್ದರು. ಹೊಸತರಲ್ಲಿ ಹೆಜ್ಜೆಗಳು ಕಡಿಮೆಯಾದವು, ಹೆಜ್ಜೆಯಿಡುವವಳು ಒಂಟಿಯಾದಳು. ಗಂಡಸಿನ ಕೈಗೆ ಸೌಟು ಬರಲಿಲ್ಲ. ಸ್ವತಃ ಲಿಹೋಟ್ಸ್ಕಿಯೇ ತಾನು ಅದುವರೆಗೆ ಅಡುಗೆ ಮಾಡಿದವಳಲ್ಲವೆಂದು ಮುಂದೆ ಹೇಳಿಕೊಂಡಳು. ಉಳಿಸಿದ ಹೊತ್ತಿನಲ್ಲಿ ಹೆಂಗಸು ಹೊರಗೆ ದುಡಿಯಲಿ, ಓದಲಿ ಎಂಬುದು ಅವಳ ಆಶಯ. ಆದರೆ 1932ರಲ್ಲಿ, ಮದುವೆಯಾದ ಸ್ತ್ರೀಯರನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕಲು ಅವಕಾಶ ಕೊಡುವ ಕಾನೂನು ಬಂತು.

ಹ್ಯೋಖ್ ತನ್ನ ಚಿತ್ರದ ನಡುವೆ ಕೋಲ್ವಿಟ್ಸಳ ತಲೆಯನ್ನೇ ಏಕೆ ಇಟ್ಟಳೆಂದು ನಾನು ಬಹಳ ಯೋಚಿಸಿದ್ದೇನೆ. ಕೋಲ್ವಿಟ್ಸ್ ಹೊಸ ಚಳವಳಿಗಳ ಯಾವ ಗುಂಪಿಗೂ ಸೇರಿದವಳಲ್ಲ; ಅವಳ ರೇಖೆ ಹಳೆಯ ಕಾಲದ್ದೆಂದು ಮೂಗುಮುರಿಯುವವರಿದ್ದಾರೆ. ಗಂಡ ಬರ್ಲಿನ್ನಿನ ಕಾರ್ಮಿಕರ ಕೇರಿಯ ವೈದ್ಯ; ಅವನ ಬಾಗಿಲಿಗೆ ಬರುತ್ತಿದ್ದ ಹೆಂಗಸರನ್ನು ಅವಳು ದಿನವೂ ಕಂಡಿದ್ದಳು. ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಸತ್ತ. 'ಯುದ್ಧ' ಎಂಬ ಅವಳ ಏಳು ಮರಗೆತ್ತನೆಯ ಚಿತ್ರಗಳಲ್ಲಿ ಶತ್ರುವಿಲ್ಲ, ಫಿರಂಗಿಯಿಲ್ಲ. ಒಂದರಲ್ಲಿ ತಾಯಂದಿರು ಒಬ್ಬರನ್ನೊಬ್ಬರು ತಬ್ಬಿ, ಮಕ್ಕಳನ್ನು ನಡುವೆ ಹುದುಗಿಸಿ, ಒಂದೇ ಕಪ್ಪು ಬಂಡೆಯಂತೆ ನಿಂತಿದ್ದಾರೆ. ಲಿಹೋಟ್ಸ್ಕಿಯ ಅಚ್ಚುಕಟ್ಟಾದ ಕೋಣೆಯಲ್ಲಿ ಕಾಣೆಯಾದ ಗುಂಪು ಇಲ್ಲಿದೆ. ಮಗನ ಗೋರಿಯ ಬಳಿ ಅವಳು ಕೆತ್ತಿದ ತಂದೆತಾಯಿಯರ ಎರಡು ಶಿಲೆಗಳು ನಿಂತದ್ದು 1932ರಲ್ಲಿ, ಅವನು ಸತ್ತ ಹದಿನೆಂಟು ವರ್ಷಗಳ ಮೇಲೆ. ಇಬ್ಬರೂ ಮಂಡಿಯೂರಿದ್ದಾರೆ, ಬೇರೆಬೇರೆ ಪೀಠಗಳ ಮೇಲೆ.

ಆ ವರ್ಷವೇ ನಾಜಿಗಳ ಕೈಗೆ ಹೋಗಿದ್ದ ದೆಸ್ಸೌ ನಗರಸಭೆ ಬೌಹೌಸ್ ಶಾಲೆಯನ್ನು ಮುಚ್ಚಿಸಿತು. ಅಲ್ಲಿ ನಡೆಯಬೇಕಾಗಿದ್ದ ಹ್ಯೋಖಳ ಪ್ರದರ್ಶನವೂ ನಿಂತಿತು. 1933ರಲ್ಲಿ ಕೋಲ್ವಿಟ್ಸ್ ಕಲಾ ಅಕಾಡೆಮಿಯಿಂದ ಹೊರಬೀಳಬೇಕಾಯಿತು. ಲಿಹೋಟ್ಸ್ಕಿ ನಾಜಿವಿರೋಧಿ ಕೆಲಸಕ್ಕಾಗಿ 1941ರಲ್ಲಿ ಸೆರೆಯಾಗಿ ಯುದ್ಧ ಮುಗಿಯುವವರೆಗೂ ಜೈಲಿನಲ್ಲಿದ್ದಳು. ಹ್ಯೋಖ್ ದೇಶ ಬಿಡಲಿಲ್ಲ. 1939ರಲ್ಲಿ ಬರ್ಲಿನ್ನಿನ ಹೊರವಲಯದ ಹೈಲಿಗೆನ್‌ಸೇಯಲ್ಲಿ ತೋಟವಿದ್ದ ಒಂದು ಸಣ್ಣ ಮನೆ ಕೊಂಡು, ಸಿಕ್ಕಿಬಿದ್ದರೆ ಅಪಾಯವೆಂದು ಗೊತ್ತಿದ್ದೂ ಡಾಡಾ ಗೆಳೆಯರ ಚಿತ್ರಗಳನ್ನು, ಕಾಗದಪತ್ರಗಳನ್ನು ಅಲ್ಲಿ ಅಡಗಿಸಿಟ್ಟಳು. ಆ ಚಳವಳಿಯ ಕಥೆಯನ್ನು ಮುಂದೆ ಬರೆದವರು ಕದ ತಟ್ಟಬೇಕಾದದ್ದು ಆ ಮನೆಯನ್ನೇ.