ಯಂತ್ರಕ್ಕೆ ಒಪ್ಪುವ ಭಾಷೆ: ಐಮಾರಾ ತರ್ಕವಾದದ ಒಂದು ವಿಮರ್ಶೆ

ಸಾರಾಂಶ: ಐಮಾರಾ ಭಾಷೆಯ ಪ್ರತ್ಯಯವ್ಯವಸ್ಥೆಯಲ್ಲಿ ತ್ರಿಮೌಲ್ಯ ತರ್ಕವಿದೆ, ಆದಕಾರಣ ಆ ಭಾಷೆ ಗಣಕಯಂತ್ರಕ್ಕೆ ಸಹಜವಾಗಿ ಒಪ್ಪುತ್ತದೆ ಎಂಬ ವಾದವನ್ನು ಈ ಲೇಖನ ಕನ್ನಡದ ಸಂಭಾವನಾರ್ಥಕ ರೂಪಗಳು ಹಾಗೂ ‘-ಅಂತೆ’ ಪ್ರತ್ಯಯದ ನೆರವಿನಿಂದ ಪರಿಶೀಲಿಸುತ್ತದೆ. ಈ ವಾದ ಸತ್ಯಮೌಲ್ಯವನ್ನೂ ತಿಳಿವಿನ ಮೂಲವನ್ನೂ ಒಂದೆಂದು ಭಾವಿಸುತ್ತದೆ. ಜೊತೆಗೆ, ಭಾಷೆಯನ್ನು ಹೊಗಳುವ ಭರದಲ್ಲಿ ಅದನ್ನಾಡುವ ಜನರ ಚರಿತ್ರೆಯನ್ನು ಮರೆಮಾಡುತ್ತದೆ.

ಪ್ರಮುಖ ಪದಗಳು: ಐಮಾರಾ, ಕನ್ನಡ, ತಿಳಿವಿನ ಮೂಲ, ಸಂಭಾವನಾರ್ಥ, ಯಾಂತ್ರಿಕ ಅನುವಾದ

1. ವಾದ ಮತ್ತು ಅದರ ಹಿನ್ನೆಲೆ

ಬೊಲಿವಿಯಾ, ಪೆರು ಮತ್ತು ಚಿಲಿ ದೇಶಗಳ ಆಂಡೀಸ್ ಪ್ರಸ್ಥಭೂಮಿಯಲ್ಲಿ ಸುಮಾರು ಇಪ್ಪತ್ತು ಲಕ್ಷ ಜನ ಐಮಾರಾ ಭಾಷೆಯನ್ನಾಡುತ್ತಾರೆ. ಕನ್ನಡದಂತೆಯೇ ಅದೂ ಪ್ರಕೃತಿಯ ಮೇಲೆ ಪ್ರತ್ಯಯಗಳನ್ನು ಸಾಲಾಗಿ ಹತ್ತಿಸುತ್ತ ಹೋಗುವ ಭಾಷೆ. ಬೊಲಿವಿಯಾದ ಗಣಿತಜ್ಞ ಇವಾನ್ ಗುಸ್ಮಾನ್ ದೆ ರೋಹಾಸ್ 1980ರ ದಶಕದ ಆರಂಭದಲ್ಲಿ ಈ ಪ್ರತ್ಯಯಗಳನ್ನು ಕುರಿತು ಒಂದು ದಿಟ್ಟ ಪ್ರತಿಪಾದನೆಯನ್ನು ಮುಂದಿಟ್ಟರು. ಯುರೋಪಿನ ಭಾಷೆಗಳು ‘ನಿಜ’ ಮತ್ತು ‘ಸುಳ್ಳು’ ಎಂಬ ಎರಡು ಮೌಲ್ಯಗಳ ತರ್ಕಕ್ಕೆ ಹೊಂದುತ್ತವೆ. ಐಮಾರಾ ಪ್ರತ್ಯಯಗಳಾದರೋ ಇವೆರಡರ ನಡುವೆ ‘ಅನಿಶ್ಚಿತ’ವೆಂಬ ಮೂರನೆಯ ಮೌಲ್ಯವನ್ನೂ ಕ್ರಮಬದ್ಧವಾಗಿ ಸೂಚಿಸುತ್ತವೆ ಎಂಬುದು ಅವರ ನಿಲುವು. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸೆವಿಚ್ 1920ರಲ್ಲಿ ನಿರೂಪಿಸಿದ ತ್ರಿಮೌಲ್ಯ ತರ್ಕವು ಐಮಾರಾ ಜನರ ನಾಲಗೆಯ ಮೇಲೆ ಮೊದಲೇ ಇತ್ತೆಂದು ಇದರ ತಾತ್ಪರ್ಯ. ‘ಅತಮಿರಿ’ ಎಂಬ ಅವರ ಯಾಂತ್ರಿಕ ಅನುವಾದ ವ್ಯವಸ್ಥೆಯಲ್ಲಿ ಐಮಾರಾ ಮಾದರಿಯ ನಿರೂಪಣೆಯೇ ಬೇರೆ ಭಾಷೆಗಳ ನಡುವಣ ಸೇತುವೆಯಾಯಿತು. ಅತಮಿರಿ ಎಂದರೆ ಆ ಭಾಷೆಯಲ್ಲಿ ದುಭಾಷಿ.

ಗುಸ್ಮಾನ್ ಅವರ ಆಶಯವನ್ನು ಲಘುವಾಗಿ ಕಾಣಲಾಗದು. ಅವರ ಅಧ್ಯಯನದ ಶೀರ್ಷಿಕೆಯೇ ಐಮಾರಾ ಜನರೊಂದಿಗಿನ ಸಾಮಾಜಿಕ ಸಂವಹನದ ಸಮಸ್ಯೆಯನ್ನು ಹೆಸರಿಸುತ್ತದೆ. ಐಮಾರಾ ರೈತನು ಸ್ಪ್ಯಾನಿಶ್ ಮಾತಿಗೆ ಕೊಡುವ ಉತ್ತರ ಅಧಿಕಾರಿಗೆ ಅಸ್ಪಷ್ಟವಾಗಿ ಕಂಡರೆ ಅದು ರೈತನ ಬುದ್ಧಿಯ ಕೊರತೆಯಲ್ಲ, ಎರಡು ಭಾಷೆಗಳ ಅರ್ಥವ್ಯವಸ್ಥೆಯ ಅಂತರ ಎಂಬ ತಿಳಿವಳಿಕೆ ಅದರ ಹಿಂದಿದೆ. ತೊಡಕಿರುವುದು ಈ ಅಂತರಕ್ಕೆ ಅವರು ಕೊಟ್ಟ ವಿವರಣೆಯಲ್ಲಿ ಮತ್ತು ಆ ವಿವರಣೆ ಸೇರಿಕೊಂಡ ಪರಂಪರೆಯಲ್ಲಿ. ಎಮೆತೇರಿಯೊ ವಿಯಾಮಿಲ್ ದೆ ರಾದಾ ಅವರ 1888ರಲ್ಲಿ ಅಚ್ಚಾದ ಕೃತಿ ಐಮಾರಾವನ್ನು ಆದಿಮಾನವ ಆದಾಮನ ಭಾಷೆಯೆಂದು ಸಾರಿತ್ತು. ಉಂಬರ್ಟೋ ಎಕೊ 1993ರಲ್ಲಿ ಪರಿಪೂರ್ಣ ಭಾಷೆಯ ಹುಡುಕಾಟದ ಚರಿತ್ರೆ ಬರೆದಾಗ ಆದಾಮನ ಭಾಷೆಯ ಜೊತೆಗೇ ಗುಸ್ಮಾನ್ ಅವರ ಐಮಾರಾವನ್ನೂ ಚರ್ಚಿಸಿದರು. ಹೀಗೆ ಒಂದೇ ಭಾಷೆ ನೂರು ವರ್ಷಗಳ ಅಂತರದಲ್ಲಿ ಮೊದಲು ಸ್ವರ್ಗದ, ಆಮೇಲೆ ಗಣಕದ ಭಾಷೆಯಾಯಿತು.

ಬೆಂಗಳೂರಿನ ಓದುಗರಿಗೆ ಈ ಕಥೆ ಹೊಸದೆನಿಸದು. ರಿಕ್ ಬ್ರಿಗ್ಸ್ 1985ರಲ್ಲಿ ಶಾಸ್ತ್ರೀಯ ಸಂಸ್ಕೃತದ ವಿವರಣಾಶೈಲಿಗೂ ಕೃತಕ ಬುದ್ಧಿಮತ್ತೆಯ ಜ್ಞಾನನಿರೂಪಣೆಗೂ ಇರುವ ಹೋಲಿಕೆಯನ್ನು ಕುರಿತು ಲೇಖನ ಪ್ರಕಟಿಸಿದರು. ಮರುವರ್ಷದ ಡಿಸೆಂಬರಿನಲ್ಲಿ ಇದೇ ವಿಷಯವಾಗಿ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ. ಕಿಯೋನಿಕ್ಸ್ 1978ರಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ ಆಗಿನ್ನೂ ಎಂಟು ವರ್ಷದ್ದು. ಬ್ರಿಗ್ಸ್ ಅವರ ವಾದ ಶಾಸ್ತ್ರಕಾರರ ವಿವರಣಾವಿಧಾನಕ್ಕೆ ಸೀಮಿತವಾಗಿತ್ತು. ಜನಪ್ರಿಯ ಭಾಷಣಗಳಲ್ಲಿ ಅದು ‘ಗಣಕಕ್ಕೆ ಸಂಸ್ಕೃತವೇ ಸರಿಯಾದ ಭಾಷೆ’ ಎಂದಾಯಿತು. ಐಮಾರಾ ವಾದವನ್ನು ಪರಿಶೀಲಿಸುವುದೆಂದರೆ ನಮ್ಮ ಊರಿನಲ್ಲಿ ಇಂದಿಗೂ ಕೇಳಿಬರುವ ಒಂದು ಬಗೆಯ ಮಾತನ್ನು ಪರಿಶೀಲಿಸುವುದೂ ಹೌದು.

2. ಮೂರನೆಯ ಮೌಲ್ಯದ ಪರೀಕ್ಷೆ

ಗುಸ್ಮಾನ್ ಅವರ ವಿಧಾನವನ್ನು ಕನ್ನಡಕ್ಕೆ ಅನ್ವಯಿಸಿ ನೋಡೋಣ. ಕನ್ನಡ ವ್ಯಾಕರಣಗಳು ಸಂಭಾವನಾರ್ಥಕವೆಂದು ಹೆಸರಿಸುವ ಕ್ರಿಯಾರೂಪಗಳಿವೆ: ಬಂದೇನು, ಬಂದಾನು, ಬಂದಾಳು, ಬಂದೀತು, ಬಂದಾರು. ‘ಬರುತ್ತಾನೆ’, ‘ಬರುವುದಿಲ್ಲ’, ‘ಬಂದಾನು’ ಎಂಬ ಮೂರನ್ನು ನಿಜ, ಸುಳ್ಳು, ಅನಿಶ್ಚಿತ ಎಂಬ ಮೂರು ಮನೆಗಳಲ್ಲಿ ಕೂರಿಸಿದರೆ ಕನ್ನಡಕ್ಕೂ ತ್ರಿಮೌಲ್ಯ ತರ್ಕ ದೊರಕುತ್ತದೆ. ಪುರುಷ, ಲಿಂಗ, ವಚನಗಳಿಗೆಲ್ಲ ಪ್ರತ್ಯೇಕ ರೂಪವಿರುವ ಕಾರಣ ಕನ್ನಡದ ಹಕ್ಕು ಇನ್ನೂ ಬಲವಾದದ್ದೆಂದು ವಾದಿಸಲೂಬಹುದು. ಆದರೆ ಈ ಜೋಡಣೆ ಎರಡು ಸರಳ ಪರೀಕ್ಷೆಗಳಲ್ಲಿ ಸೋಲುತ್ತದೆ.

ಮೊದಲನೆಯದು ನಿಷೇಧದ ಪರೀಕ್ಷೆ. ವುಕಾಸೆವಿಚ್ ತರ್ಕದಲ್ಲಿ ಅನಿಶ್ಚಿತವಾದುದರ ನಿಷೇಧವೂ ಅನಿಶ್ಚಿತವೇ. ಎರಡಕ್ಕೂ ಮೌಲ್ಯ ಒಂದೇ. ಕನ್ನಡದಲ್ಲಿ ‘ಮಳೆ ಬಂದೀತು’ ಎಂಬುದಕ್ಕೆ ಎದುರಾಗಿ ‘ಮಳೆ ಬರಲಿಕ್ಕಿಲ್ಲ’ ಎಂಬ ಮಾತಿದೆ. ಎರಡರಲ್ಲೂ ಅನಿಶ್ಚಿತತೆಯಿದೆ. ಆದರೂ ಮೊದಲನೆಯದನ್ನು ಕೇಳಿದವನು ಕೊಡೆ ಹಿಡಿದು ಹೊರಡುತ್ತಾನೆ, ಎರಡನೆಯದನ್ನು ಕೇಳಿದವನು ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಅನಿಶ್ಚಿತತೆಗೆ ಇಲ್ಲಿ ಒಲವಿದೆ, ದಿಕ್ಕಿದೆ. ನಡುವಣ ಏಕೈಕ ಮೌಲ್ಯದಲ್ಲಿ ಆ ದಿಕ್ಕು ಅಳಿಸಿಹೋಗುತ್ತದೆ.

ಎರಡನೆಯದು ಸಮುಚ್ಚಯದ ಪರೀಕ್ಷೆ. ‘ಮಳೆ ಬಂದೀತು, ಬರದೆಯೂ ಇದ್ದೀತು’ ಎಂಬುದು ನಿರ್ದೋಷ ವಾಕ್ಯ. ‘ಮಳೆ ಬರುವುದೂ ಬಾರದಿರುವುದೂ ಏಕಕಾಲಕ್ಕೆ ಆದೀತು’ ಎಂದರೆ ಕೇಳುವವರು ಒಪ್ಪುವುದಿಲ್ಲ. ತ್ರಿಮೌಲ್ಯ ಕೋಷ್ಟಕದಲ್ಲಿ ಅನಿಶ್ಚಿತ ವಾಕ್ಯವನ್ನು ಅದರದೇ ನಿಷೇಧದೊಡನೆ ಸೇರಿಸಿದರೂ ಫಲ ಅನಿಶ್ಚಿತವೇ ಆದ್ದರಿಂದ, ವಿರೋಧಾಭಾಸವೂ ಸಾಧಾರಣ ಊಹೆಯೂ ಒಂದೇ ಮೌಲ್ಯ ಪಡೆಯುತ್ತವೆ. ಸಂಭಾವ್ಯತೆಯನ್ನು ಸತ್ಯಮೌಲ್ಯವಾಗಿಸುವ ಯತ್ನಕ್ಕೆ ತರ್ಕಶಾಸ್ತ್ರದೊಳಗೇ ಎದುರಾದ ಹಳೆಯ ಆಕ್ಷೇಪವಿದು. ಭಾಷೆ ಐಮಾರಾ ಆದರೂ ಕನ್ನಡವಾದರೂ ಅದು ಹಾಗೆಯೇ ಉಳಿಯುತ್ತದೆ.

3. ತಿಳಿವಿನ ಮೂಲ

ಐಮಾರಾ ಪ್ರತ್ಯಯಗಳು ಬೇರೊಂದು ಕೆಲಸ ಮಾಡುತ್ತಿವೆ ಎಂಬುದನ್ನು ಮಾರ್ತಾ ಹಾರ್ಡ್‌ಮನ್ ಮತ್ತು ಅವರ ಸಹೋದ್ಯೋಗಿಗಳು ವಿವರವಾಗಿ ತೋರಿಸಿದ್ದಾರೆ. 1969ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಅವರ ಯೋಜನೆಯ ಪ್ರಕಾರ ಐಮಾರಾ ಆಡುಗನು ತಾನು ಹೇಳುವ ಸಂಗತಿ ತನಗೆ ಹೇಗೆ ತಿಳಿಯಿತೆಂಬುದನ್ನು ಸೂಚಿಸಲೇಬೇಕು. ಕಣ್ಣಾರೆ ಕಂಡ ಹಿಂದಿನ ಘಟನೆಗೆ ‘-ನ’, ತಾನು ಸಾಕ್ಷಿಯಾಗಿರದ ಘಟನೆಗೆ ‘-ತಯ್ನ’ ಪ್ರತ್ಯಯ ಬರುತ್ತದೆ. ಕಾಣದ್ದನ್ನು ಕಂಡಂತೆ ಹೇಳುವುದು ಆ ಸಮಾಜದಲ್ಲಿ ವ್ಯಾಕರಣದೋಷಕ್ಕಿಂತ ಹೆಚ್ಚಿನ ತಪ್ಪು. ಅಂಥವನು ಸುಳ್ಳುಗಾರ ಎನಿಸಿಕೊಳ್ಳುತ್ತಾನೆ.

ಕನ್ನಡದಲ್ಲಿ ಈ ಹೊಣೆಯ ಒಂದಂಶವನ್ನು ‘-ಅಂತೆ’ ಹೊರುತ್ತದೆ. ಐಮಾರಾದಂತೆ ಅದು ಕ್ರಿಯಾರೂಪಾವಳಿಯ ಅನಿವಾರ್ಯ ಅಂಗವಲ್ಲ. ಆದರೂ ಅದು ಸತ್ಯಮೌಲ್ಯದ ಹೊರಗಿದೆ ಎಂಬುದನ್ನು ನಿಷೇಧವೇ ತೋರಿಸಿಕೊಡುತ್ತದೆ. ‘ಬಂದನಂತೆ’ ಎಂಬುದರ ನಿಷೇಧ ‘ಬರಲಿಲ್ಲವಂತೆ’. ಇಲ್ಲಿ ನಿಷೇಧಗೊಂಡದ್ದು ಬರುವ ಕ್ರಿಯೆ, ಕೇಳಿ ತಿಳಿದ ಸಂಗತಿಯಲ್ಲ. ಕೇಳಿದ್ದನ್ನೇ ಅಲ್ಲಗಳೆಯಬೇಕಾದರೆ ‘ಬಂದನೆಂದು ಯಾರೂ ಹೇಳಲಿಲ್ಲ’ ಎಂದು ಬೇರೊಂದು ವಾಕ್ಯವನ್ನೇ ಕಟ್ಟಬೇಕು. ‘ಬಂದನಂತೆ, ಆದರೆ ಬಂದಿಲ್ಲ’ ಎಂಬ ಮಾತಿನಲ್ಲಿ ವಿರೋಧವೂ ಇಲ್ಲ. ಹೇಳಿಕೆಯ ನಿಜ-ಸುಳ್ಳಿನ ಪ್ರಶ್ನೆಯನ್ನು ತೆರೆದಿಟ್ಟು, ಅದರ ಜವಾಬ್ದಾರಿ ಯಾರದೆಂಬುದನ್ನು ಈ ಪ್ರತ್ಯಯ ಗೊತ್ತುಪಡಿಸುತ್ತದೆ.

ಆಡುಗರು ಈ ಹೊಣೆಯನ್ನು ಎಷ್ಟು ಗಂಭೀರವಾಗಿ ಕಾಣುತ್ತಾರೆಂಬುದಕ್ಕೆ ಭಾಷಾಸಂಪರ್ಕವೇ ಸಾಕ್ಷಿ. ಹಾರ್ಡ್‌ಮನ್ 1981ರಲ್ಲಿ ಸಂಪಾದಿಸಿದ ಸಂಪುಟದಲ್ಲಿ ರಿಚರ್ಡ್ ಲಾಪ್ರೇಡ್ ಲಾ ಪಾಸ್ ನಗರದ ಸ್ಪ್ಯಾನಿಶ್ ಮೇಲೆ ಐಮಾರಾ ಬೀರಿದ ಪ್ರಭಾವವನ್ನು ವಿವರಿಸಿದ್ದಾರೆ. ಅಲ್ಲಿ ಸ್ಪ್ಯಾನಿಶ್‌ನ ಪೂರ್ವಭೂತಕಾಲದ ರೂಪವು ‘ನಾನು ಕಂಡಿಲ್ಲ’ ಎಂಬ ಅರ್ಥವನ್ನು ಪಡೆದುಕೊಂಡಿದೆ. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಕೇಳುವ ಬೆಂಗಳೂರು ಇಂಗ್ಲಿಷ್‌ನ ‘ಇಟ್ ಸೀಮ್ಸ್’ ಇದರ ಸೋದರ ರೂಪ. ‘ಹಿ ಹ್ಯಾಸ್ ರಿಸೈನ್ಡ್ ಇಟ್ ಸೀಮ್ಸ್’ ಎನ್ನುವವರು ತಮಗೆ ಹಾಗೆ ತೋರುತ್ತದೆಂದು ಹೇಳುತ್ತಿಲ್ಲ. ‘ರಾಜೀನಾಮೆ ಕೊಟ್ಟನಂತೆ’ ಎನ್ನುತ್ತಿದ್ದಾರೆ. ವಾಕ್ಯದ ಕೊನೆಗೆ ಬಂದ ಅದರ ಸ್ಥಾನವೂ ಕನ್ನಡದ್ದೇ. ಆ ಕಚೇರಿಗಳಲ್ಲಿ ಕನ್ನಡ ಕೇಳಿಸುವುದಿಲ್ಲವೆಂಬ ದೂರು ಸಾಮಾನ್ಯ. ಪದಗಳಿಲ್ಲದ ಕಡೆಯೂ ಅದರ ವ್ಯಾಕರಣ ಕೆಲಸ ಮಾಡುತ್ತಿರುವುದನ್ನು ಭಾಷಾವಿಜ್ಞಾನಿ ಗಮನಿಸಬೇಕು.

ಈ ವ್ಯತ್ಯಾಸ ತಪ್ಪಿದಾಗ ಆಗುವ ಹಾನಿಯನ್ನು ಊಹಿಸುವುದು ಕಷ್ಟವಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಪಘಾತವಾಗಿ, ವಿಚಾರಣೆಯಲ್ಲಿ ಕಾರ್ಮಿಕನೊಬ್ಬ ‘ಅವನೇ ಪ್ರೆಸ್ ಚಾಲೂ ಮಾಡಿದನಂತೆ’ ಎನ್ನುತ್ತಾನೆಂದು ಭಾವಿಸೋಣ. ಇಂಗ್ಲಿಷ್ ವರದಿಯಲ್ಲಿ ‘-ಅಂತೆ’ ಬಿದ್ದುಹೋದರೆ ಕೇಳಿದ ಮಾತು ಕಂಡ ಸಾಕ್ಷ್ಯವಾಗುತ್ತದೆ. ‘-ಅಂತೆ’ಯನ್ನು ಸಂದೇಹವೆಂದು ಅನುವಾದಿಸಿದರೆ, ಸಂದೇಹಪಡದ ಕಾರ್ಮಿಕ ಸಂದೇಹಪಟ್ಟವನಾಗುತ್ತಾನೆ. ತ್ರಿಮೌಲ್ಯ ತರ್ಕದ ಮಧ್ಯವರ್ತಿ ನಿರೂಪಣೆ ಈ ಎರಡನೆಯ ತಪ್ಪನ್ನು ಕ್ರಮಬದ್ಧವಾಗಿ ಮಾಡುತ್ತದೆ. ಅದರಲ್ಲಿ ‘ಅನಿಶ್ಚಿತ’ವೆಂಬ ಮನೆಯಿದೆ, ‘ಇನ್ನೊಬ್ಬರಿಂದ ತಿಳಿದದ್ದು’ ಎಂಬ ಮನೆಯಿಲ್ಲ. ಐಮಾರಾ ಜನರ ಮಾತನ್ನು ಅಧಿಕಾರಿಗಳು ಅಸ್ಪಷ್ಟವೆಂದು ತಿಳಿಯುತ್ತಾರೆಂಬ ಗುಸ್ಮಾನ್ ಅವರ ಕಳಕಳಿ ಇಲ್ಲಿ ತಿರುಗುಬಾಣವಾಗಿದೆ: ಖಚಿತವಾದ ಸೂಚನೆಯನ್ನೇ ಅವರ ಸಿದ್ಧಾಂತ ಅನಿಶ್ಚಿತತೆಯಾಗಿ ಓದಿತು.

4. ಅಚ್ಚುಕಟ್ಟು ಯಾರದು?

ಒಂದು ಭಾಷೆ ತರ್ಕಬದ್ಧವಾಗಿ ಕಾಣುವುದಕ್ಕೆ ಅದನ್ನು ವಿವರಿಸಿದವರ ಶಿಸ್ತೂ ಕಾರಣ. ಟಿಟಿಕಾಕಾ ಸರೋವರದ ದಂಡೆಯ ಹುಲಿ ಎಂಬ ಊರಿನಲ್ಲಿ ನೆಲೆಸಿದ್ದ ಜೆಸ್ವಿಟ್ ಪಾದ್ರಿ ಲೂದೊವಿಕೊ ಬೆರ್ತೋನಿಯೊ ಅವರ ಐಮಾರಾ ವ್ಯಾಕರಣ ಪ್ರಕಟವಾದದ್ದು 1603ರಲ್ಲಿ, ನಿಘಂಟು 1612ರಲ್ಲಿ. ಭಟ್ಟಾಕಳಂಕನು ಕನ್ನಡ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ನಿಬಂಧಿಸಿದ ‘ಕರ್ಣಾಟಕ ಶಬ್ದಾನುಶಾಸನ’ದ ಕಾಲ 1604. ಪಾದ್ರಿಯ ಉದ್ದೇಶ ಮತಪ್ರಚಾರ. ಭಟ್ಟಾಕಳಂಕನದು ಕನ್ನಡವೂ ಶಾಸ್ತ್ರಕ್ಕೆ ಅರ್ಹವೆಂದು ಸ್ಥಾಪಿಸುವುದು. ಆದರೂ ಲ್ಯಾಟಿನ್ ಮತ್ತು ಸಂಸ್ಕೃತಗಳ ಚೌಕಟ್ಟು ಆಯಾ ವಿವರಣೆಗೆ ಕೊಟ್ಟ ಸುಸಂಬದ್ಧತೆಯನ್ನು ಭಾಷೆಯದೇ ಗುಣವೆಂದು ಓದುವ ಅಪಾಯ ಎರಡೂ ಕಡೆ ಇದೆ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಕೃತಿಯಲ್ಲಿ ಎತ್ತಿದ ಆಕ್ಷೇಪ ಇಂಥ ಚೌಕಟ್ಟುಗಳನ್ನೇ ಕುರಿತದ್ದು. ವುಕಾಸೆವಿಚ್ ಅವರ ಕೋಷ್ಟಕ ಐಮಾರಾ ಮೇಲೆ ಬಂದ ಇನ್ನೊಂದು ಚೌಕಟ್ಟು. ಅಷ್ಟಾಧ್ಯಾಯಿಯ ವಿಷಯದಲ್ಲೂ ಹೀಗೆಯೇ: ಅದರ ಔಪಚಾರಿಕ ಸೊಗಸು ಪಾಣಿನಿಯ ಸಾಧನೆ, ಸಂಸ್ಕೃತವನ್ನಾಡಿದವರ ಮಾತಿನ ಗುಣವಲ್ಲ.

5. ಹೊಗಳಿಕೆಯ ಆಚೆ

ಐಮಾರಾ ಗಣಕಕ್ಕೆ ತಕ್ಕ ಭಾಷೆಯೆಂದು ಸಾರಲಾದ ದಿನಗಳಲ್ಲಿ ಅದನ್ನಾಡುವವರ ಸ್ಥಿತಿ ಏನಾಗಿತ್ತು? 1781ರಲ್ಲಿ ತುಪಾಕ್ ಕಟಾರಿ ಮತ್ತು ಬಾರ್ತೊಲಿನಾ ಸಿಸಾ ಅವರ ನಾಯಕತ್ವದಲ್ಲಿ ಲಾ ಪಾಸ್ ನಗರಕ್ಕೆ ಮುತ್ತಿಗೆ ಹಾಕಿದ ಈ ಜನ, ಸೋಲಿನ ನಂತರ ಗಣರಾಜ್ಯದ ಕಾಲದಲ್ಲೂ ಸ್ಪ್ಯಾನಿಶ್ ಶಾಲೆ ಮತ್ತು ಕಚೇರಿಗಳ ಹೊರಗೇ ಉಳಿದರು. 1931ರಲ್ಲಿ ಅವೆಲಿನೊ ಸಿನ್ಯಾನಿ ಮತ್ತು ಎಲಿಸಾರ್ದೊ ಪೇರೆಸ್ ವಾರಿಸಾಟಾದಲ್ಲಿ ಸಮುದಾಯದ ಶಾಲೆಯನ್ನು ಕಟ್ಟಬೇಕಾಯಿತು. 1955ರಲ್ಲಿ ಆರಂಭವಾದ ರೇಡಿಯೋ ಸಾನ್ ಗಾಬ್ರಿಯೆಲ್ ಮೂಲಕ ಐಮಾರಾ ಯಂತ್ರವನ್ನು ನಿಜವಾಗಿ ಪ್ರವೇಶಿಸಿತ್ತು. ಆ ಪ್ರವೇಶಕ್ಕೆ ತ್ರಿಮೌಲ್ಯ ತರ್ಕ ಬೇಕಾಗಲಿಲ್ಲ, ಕೇಳುವ ಜನ ಇದ್ದರೆ ಸಾಕಾಯಿತು. ಬೊಲಿವಿಯಾ ಸರ್ಕಾರ ಐಮಾರಾಗೆ ಏಕರೂಪದ ಅಧಿಕೃತ ವರ್ಣಮಾಲೆಯನ್ನು ಅಂಗೀಕರಿಸಿದ್ದು 1984ರಲ್ಲಿ. ಎಂದರೆ ಯಂತ್ರ ಐಮಾರಾದಲ್ಲಿ ಯೋಚಿಸುತ್ತದೆ ಎನ್ನುತ್ತಿದ್ದ ವರ್ಷಗಳಲ್ಲಿ ಅದನ್ನು ಬರೆಯುವ ಬಗೆಯೇ ಇತ್ಯರ್ಥವಾಗುತ್ತಿತ್ತು.

ಮುಂದಿನ ಚರಿತ್ರೆ ಈ ವಾದಕ್ಕೆ ಉತ್ತರ ಕೊಟ್ಟಿದೆ. ಗೂಗಲ್ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ. ಐಮಾರಾ ಸೇರಿದ್ದು 2022ರ ಮೇ ತಿಂಗಳಲ್ಲಿ, 24 ಭಾಷೆಗಳ ಒಂದು ಕಂತಿನಲ್ಲಿ. ಅದೇ ಕಂತಿನಲ್ಲಿ ಸಂಸ್ಕೃತವೂ ಕೊಂಕಣಿಯೂ ಇದ್ದವು. ತುಳುವಿನ ಸರದಿ 2024ರಲ್ಲಿ ಬಂತು. ಗಣಕಕ್ಕೆಂದೇ ಹುಟ್ಟಿದವೆಂದು ಹೆಸರಾದ ಎರಡು ಭಾಷೆಗಳು, ಅಂಥ ಬಿರುದು ಯಾವುದೂ ಇಲ್ಲದ ಕನ್ನಡಕ್ಕಿಂತ ಹನ್ನೊಂದು ವರ್ಷ ತಡವಾಗಿ ಬಂದವು. ಇಂದಿನ ಅನುವಾದ ವ್ಯವಸ್ಥೆಗಳು ಕಲಿಯುವುದು ಪಠ್ಯರಾಶಿಯಿಂದ. ಪಠ್ಯರಾಶಿ ಹುಟ್ಟುವುದು ಶಾಲೆ, ಪತ್ರಿಕೆ, ನ್ಯಾಯಾಲಯ, ಕಚೇರಿಗಳಲ್ಲಿ ಜನ ತಮ್ಮ ಭಾಷೆಯನ್ನು ಬರೆಯುವುದರಿಂದ. ಯುನಿಕೋಡಿಗೆ ಪರಿವರ್ತನೆಯಾಗದೆ ಹಳೆಯ ಅಕ್ಷರವಿನ್ಯಾಸಗಳಲ್ಲೇ ಉಳಿದ ಕನ್ನಡ ಪುಟಗಳು ಯಂತ್ರಕ್ಕೆ ಕಾಣುವುದಿಲ್ಲ. ಇದರಲ್ಲಿ ಕನ್ನಡದ ವ್ಯಾಕರಣದ ತಪ್ಪೇನೂ ಇಲ್ಲ.

2011ರ ಜನಗಣತಿಯಲ್ಲಿ 4.37 ಕೋಟಿ ಜನ ಮಾತೃಭಾಷೆಯೆಂದು ದಾಖಲಿಸಿದ, ರಾಜ್ಯವೊಂದರ ಆಡಳಿತ ಭಾಷೆಯಾದ ಕನ್ನಡದ ಸ್ಥಿತಿ ಐಮಾರಾದಂತಿಲ್ಲ. ಆದರೂ ನಮ್ಮ ಸಂಶೋಧಕರ ಮುಂದಿರುವ ಕೆಲಸ ಎರಡಕ್ಕೂ ಸಮಾನ. ಕನ್ನಡ ಪಠ್ಯಕೋಶಗಳ ಟಿಪ್ಪಣಿಯಲ್ಲಿ ಸಂಭಾವನಾರ್ಥಕ್ಕೂ ‘-ಅಂತೆ’ಗೂ ಪ್ರತ್ಯೇಕ ಗುರುತು ಬೇಕು, ಅನುವಾದ ವ್ಯವಸ್ಥೆಯ ಮೌಲ್ಯಮಾಪನದಲ್ಲಿ ತಿಳಿವಿನ ಮೂಲ ಉಳಿಯಿತೇ ಎಂಬುದೂ ಒಂದು ಅಳತೆಯಾಗಬೇಕು, ಬೆಂಗಳೂರು ಇಂಗ್ಲಿಷ್‌ನ ‘ಇಟ್ ಸೀಮ್ಸ್’ ಅನ್ನು ದೋಷವೆಂದು ತಿದ್ದುವ ಬದಲು ದತ್ತಾಂಶವೆಂದು ಸಂಗ್ರಹಿಸಬೇಕು. ಯಾವ ಭಾಷೆ ಯಂತ್ರಕ್ಕೆ ಒಪ್ಪುತ್ತದೆಂಬ ಪ್ರಶ್ನೆಯನ್ನು ಕೈಬಿಟ್ಟು, ಕಾರ್ಮಿಕನ ‘ಮಾಡಿದನಂತೆ’ ಎಂಬ ಮಾತು ಯಂತ್ರದ ಮೂಲಕ ಹಾದುಹೋದ ಮೇಲೂ ಅವನ ಮಾತಾಗಿಯೇ ಉಳಿಯುತ್ತದೆಯೇ ಎಂದು ಕೇಳಬೇಕು.