ಟ್ಯಾಲಿಯ ಬೆಳವಣಿಗೆ: ಒಂದು ವಿಮರ್ಶೆ

ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಏಳಿಗೆಯನ್ನು ವರ್ಣಿಸುವವರು ಪ್ರಾಯಶಃ ಒಂದೇ ವೃತ್ತಾಂತದಿಂದ ತೊಡಗುತ್ತಾರೆ. ಗಿರಣಿಗಳಿಗೆ ಸಾಮಗ್ರಿ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಪತ್ರಕ್ಕೆ ಒಗ್ಗುವ ತಂತ್ರಾಂಶ ದೊರೆಯಲಿಲ್ಲ. ಗಣಿತದ ಪದವೀಧರರಾಗಿದ್ದ ಮಗ ಭರತ್ ಗೋಯೆಂಕಾ ಅದನ್ನು ತಾವೇ ರಚಿಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಿಂದ ಸಂಸ್ಥೆ ಹುಟ್ಟಿತು. 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀಯೂ ಸಂದಿತು. ಈ ವೃತ್ತಾಂತ ಸುಳ್ಳಲ್ಲ. ಆದರೆ ಇದು ನಮ್ಮ ಹಳೆಯ ವಂಶಾವಳಿಗಳ ಧಾಟಿ: ಮೂಲಪುರುಷನನ್ನು ಹೇಳಿಬಿಟ್ಟರೆ ರಾಜ್ಯವಿಸ್ತಾರಕ್ಕೆ ಬೇರೆ ಕಾರಣ ಬೇಕಿಲ್ಲವೆಂಬ ಭಾವ.

ಕಾರಣಗಳನ್ನು ಅಂಗಡಿಯಲ್ಲಿಯೇ ಹುಡುಕತಕ್ಕದ್ದು. ಆಗಿನ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿಯೊಂದು ಖಾತೆಗೂ ಒಂದು ಸಂಕೇತಾಂಕವಿದ್ದು, ಗುಮಾಸ್ತನು ಅದನ್ನು ನೆನಪಿಡಬೇಕಾಗಿತ್ತು. ಟ್ಯಾಲಿಯಾದರೋ ಖಾತೆಯನ್ನು ಅದರ ಹೆಸರಿನಿಂದಲೇ ಕರೆಯಲು ಬಿಟ್ಟಿತು. ಕಿರ್ದಿ ಬರೆದು ಖಾತೆಗೆ ಏರಿಸಿ ಪಳಗಿದ ಕೈಗೆ ಇಲ್ಲಿ ಅಪರಿಚಿತವಾದುದು ಅಲ್ಪವೇ. ಯಂತ್ರವು ವರ್ತಕನ ರೂಢಿಗೆ ಮಣಿಯಿತು. ವಿಸ್ತಾರದ ಗುಟ್ಟು ಬಹುಮಟ್ಟಿಗೆ ಇದೇ ಎಂದು ನನ್ನ ಅಭಿಪ್ರಾಯ. 2006ರ ಟ್ಯಾಲಿ 9 ಭಾರತೀಯ ಭಾಷೆಗಳನ್ನು ಒಳಗೊಂಡದ್ದೂ ಇದೇ ನೀತಿಯ ಮುಂದುವರಿಕೆ.

ಎರಡನೆಯ ಕಾರಣ ಸರ್ಕಾರ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆಯೂ, 2017ರ ಜುಲೈ 1ರಂದು ದೇಶದಾದ್ಯಂತ ಸರಕು ಮತ್ತು ಸೇವಾ ತೆರಿಗೆಯೂ ಬಂದವು. ಲೆಕ್ಕವನ್ನು ತನಗಾಗಿ ಇಡುತ್ತಿದ್ದವನು ತೆರಿಗೆಯ ಇಲಾಖೆಗಾಗಿಯೂ ಇಡಬೇಕಾಯಿತು. ಪರವಾನಗಿಯಿಲ್ಲದ ನಕಲುಗಳ ಪಾತ್ರವನ್ನು ಪ್ರಶಂಸಕರು ಮುಟ್ಟುವುದೇ ಇಲ್ಲ. ಅವು ಸಂಸ್ಥೆಗೆ ನಷ್ಟವನ್ನು ತಂದುದು ದಿಟ. ಆದರೂ ಸಣ್ಣ ಊರುಗಳ ಎಷ್ಟೋ ಗುಮಾಸ್ತರು ಕೈ ಪಳಗಿಸಿಕೊಂಡದ್ದು ಅಂಥವುಗಳ ಮೇಲೆಯೇ ಆಗಿದ್ದೀತು.

ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಗಹನವಾದ ಪ್ರಶ್ನೆಯೊಂದುಂಟು. ಹುಣಿಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತಗಳು ಶೃಂಗೇರಿ ಮಠದಲ್ಲಿ ಉಳಿದುಬಂದುದರಿಂದ, ಆ ಕಾಲದ ಆಯವ್ಯಯಗಳನ್ನು ಇಂದು ನಾವು ಬಲ್ಲೆವು. ಬಳಪದ ಬರಹವನ್ನು ಒರೆಸುವುದು ಸುಲಭ. ಆದರೂ ಯಾರೂ ಒರೆಸಲಿಲ್ಲ. ಈಗಿನ ಲೆಕ್ಕಪತ್ರವು ಆಧಾರವಾಗಿ ಎಷ್ಟೋ ಸಮೃದ್ಧ: 2023ರ ಏಪ್ರಿಲ್‌ನಿಂದ ಕಂಪೆನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ಅದರ ದಿನಾಂಕದೊಡನೆ ದಾಖಲಿಸಬೇಕೆಂಬ ನಿಯಮವಿದೆ. ಹಿಂದಿನ ಯಾವ ಶಾನುಭೋಗನ ಲೆಕ್ಕವೂ ತನ್ನ ತಿದ್ದುಗಳನ್ನು ಹೀಗೆ ಬಯಲಿಗಿಟ್ಟಿರಲಾರದು. ಆದರೆ 2013ರ ಕಂಪೆನಿ ಕಾಯಿದೆಯು ಅವನ್ನು ಕಾಪಾಡಲು ಸಾಮಾನ್ಯವಾಗಿ ವಿಧಿಸುವ ಅವಧಿ ಎಂಟೇ ವರ್ಷ. ಚಿಕ್ಕಪೇಟೆಯ ಒಂದು ಮಳಿಗೆಯ 1990ರ ದಶಕದ ಲೆಕ್ಕವನ್ನು ಯಾರಾದರೂ ಕೇಳಿದರೆ, ಇಂದು ಅದು ದೊರೆಯುವುದಾದರೆ ಪ್ರಾಯಶಃ ಕಾಗದದ ಪುಸ್ತಕದಲ್ಲಿ. ಗಣಕಕ್ಕೆ ಮೊದಲು ಹೋದ ಮಳಿಗೆಯದಾದರೆ ಓದಲು ಯಂತ್ರವಿಲ್ಲದ ಫ್ಲಾಪಿಯಲ್ಲಿ.